ಠಾಣೆಗಿಂತ ಮೊದಲು ಕೆರೆ ಇತ್ತು

(ಬೆಂಗಳೂರಿನ ಅಂಚಿನ ವರ್ತೂರು ಕಡೆಯ ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ಹೋದ ತಿಂಗಳು ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಸಭಿಕರು ಮಧ್ಯೆ ಬಾಯಿ ಹಾಕಿದ್ದನ್ನು ಹಾಗೇ ಬಿಟ್ಟಿದ್ದೇನೆ, ಅವರ ಮಾತೇ ನನ್ನದಕ್ಕಿಂತ ಚೆನ್ನಾಗಿತ್ತು.)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟ ವಿಷಯ ‘ನಮ್ಮೂರಿನ ಅಗ್ನಿಶಾಮಕ ಠಾಣೆಗಳ ಇತಿಹಾಸ’. ಫೋನಿನಲ್ಲಿ ಹೂಂ ಅಂದುಬಿಟ್ಟೆ. ಆಮೇಲೆ ಹೊಳೆಯಿತು, ನಮ್ಮೂರಿನಲ್ಲಿ ಠಾಣೆಯೇ ಇರಲಿಲ್ಲ! ಇವತ್ತಿಗೂ ಊರೊಳಗೆ ಇಲ್ಲ. ಮನೆಯಲ್ಲಿ ಹೇಳಿದರೆ ನಮ್ಮಾಕೆ, ‘ಹಾಗಾದ್ರೆ ಎರಡು ನಿಮಿಷದಲ್ಲಿ ಮುಗಿಸ್ಕೊಂಡು ಬನ್ನಿ, ಸಾರು ಬಿಸಿ ಇರುತ್ತೆ’ ಅಂದಳು.

ಎರಡು ನಿಮಿಷದಲ್ಲಿ ಮುಗಿಯುವುದಿಲ್ಲ. ಯಾಕೆಂದರೆ ಠಾಣೆ ಇಲ್ಲದ ಊರಿಗೂ ಬೆಂಕಿ ಬೀಳುತ್ತಿತ್ತು. ಆ ಬೆಂಕಿ ಆರುತ್ತಲೂ ಇತ್ತು. ಅದು ಹೇಗೆ ಆರುತ್ತಿತ್ತು ಅನ್ನುವಲ್ಲಿಂದ ಶುರು ಮಾಡುತ್ತೇನೆ.

1974ರ ಸಂಕ್ರಾಂತಿ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದು ಎರಡೂವರೆ ತಿಂಗಳಾಗಿತ್ತು. ನನಗೆ ಒಂಬತ್ತು ವರ್ಷ. ಸಂಜೆ ದನಗಳನ್ನು ಕಿಚ್ಚು ಹಾಯಿಸುವುದು ಇಲ್ಲಿ ಹಳಬರಿಗೆಲ್ಲ ಗೊತ್ತು. ದನಗಳಿಗೆ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಊರ ಮುಂದೆ ಹುಲ್ಲು ಹಾಸಿ ಬೆಂಕಿ ಹಚ್ಚಿ ಅದರ ಮೇಲೆ ಓಡಿಸುತ್ತಾರೆ. ಆ ವರ್ಷ ಗಾಳಿ ಜಾಸ್ತಿ ಇತ್ತು. ಒಂದು ಕಿಡಿ ಹಾರಿ ಕಣದ ಪಕ್ಕದ ರಾಗಿ ಹುಲ್ಲಿನ ಬಣವೆಗೆ ಬಿತ್ತು.

ಮೊದಲು ತಮಟೆ ಕೇಳಿಸಿತು. ಹಬ್ಬದ ತಮಟೆ ಅಲ್ಲ, ಬಡಿತವೇ ಬೇರೆ. ತಮಟೆ ನಿಲ್ಲುವುದರೊಳಗೆ ಹೆಂಗಸರು ಬಿಂದಿಗೆ ಹಿಡಿದು ಕೆರೆ ಕಡೆ ಓಡುತ್ತಿದ್ದರು. ಕೆರೆ ಮೆಟ್ಟಿಲಿನಿಂದ ಕಣದವರೆಗೆ ಸಾಲು ನಿಂತುಬಿಟ್ಟಿತು. ತುಂಬಿದ ಬಿಂದಿಗೆ ಒಂದು ಕಡೆಯಿಂದ ಬರುತ್ತಿತ್ತು, ಖಾಲಿಯದ್ದನ್ನು ನಮ್ಮಂಥ ಹುಡುಗರು ಇನ್ನೊಂದು ಕಡೆಯಿಂದ ಹೊತ್ತುಕೊಂಡು ಓಡುತ್ತಿದ್ದೆವು. ಯಾರೂ ಹೇಳಿಕೊಟ್ಟಿರಲಿಲ್ಲ, ಅಥವಾ ಯಾವ ಕಾಲದಲ್ಲೋ ಹೇಳಿಕೊಟ್ಟಿದ್ದರು.

ನಮ್ಮ ತಾತ ಮಾತ್ರ ನೀರು ಹಾಕುವವರ ಮೇಲೆ ರೇಗುತ್ತಿದ್ದರು. ‘ಮೇಲೆ ಸುರೀಬೇಡ್ರೋ, ಬಣವೆ ಎಳೀರೋ!’ ಅಂತ. ನನಗೆ ಆಗ ಅರ್ಥವಾಗಲಿಲ್ಲ. ಬೆಂಕಿಗೆ ನೀರು ಹಾಕಬೇಡಿ ಅಂದರೆ ಏನರ್ಥ? ದೊಡ್ಡವನಾದ ಮೇಲೆ ತಿಳಿಯಿತು. ಮಳೆ ನೀರು ಒಳಗೆ ಇಳಿಯಬಾರದು ಅಂತಲೇ ತಾನೇ ಬಣವೆ ಒಟ್ಟುವುದು? ಒಟ್ಟುವವನು ಜಾಣನಾದಷ್ಟೂ ನೀರು ಹೊರಗಿನಿಂದಲೇ ಜಾರಿಹೋಗುತ್ತದೆ. ಮಳೆಯನ್ನು ತಡೆಯುವ ಆ ಕಟ್ಟೇ ಬೆಂಕಿ ಬಿದ್ದಾಗ ಶತ್ರು. ಹೊರಗೆ ಕಪ್ಪಗಾಗಿ ಆರಿದಂತೆ ಕಾಣುತ್ತದೆ, ಒಳಗೆ ಕೆಂಡ ಹಾಗೇ ಇರುತ್ತದೆ, ಮಾರನೇ ದಿನ ಮತ್ತೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ಕೊಕ್ಕೆ ಹಾಕಿ ಎಳೆದು, ಹುಲ್ಲನ್ನು ಚೆಲ್ಲಾಡಿ, ಆಮೇಲೆ ನೀರು ಹಾಕಬೇಕು. ಇವತ್ತಿನ ಅಗ್ನಿಶಾಮಕ ಸಿಬ್ಬಂದಿಯೂ ಮಾಡುವುದು ಅದನ್ನೇ.

ಇನ್ನೊಂದು ಗುಂಪು ಪಕ್ಕದ ಗುಡಿಸಲಿನ ಮೇಲೆ ಹತ್ತಿತ್ತು. ಸೂರಿನ ಮೇಲೆ ಒದ್ದೆ ಗೋಣಿಚೀಲ ಹಾಸಿದರು. ಅದಕ್ಕೂ ಬಗ್ಗದಿದ್ದಾಗ ಗುಡಿಸಲಿನ ಗಳಗಳನ್ನೇ ಕಿತ್ತರು. ಮನೆಯಾಕೆ ಎದೆ ಬಡಿದುಕೊಂಡು ಅಳುತ್ತಿದ್ದರು. ಆ ಒಂದು ಮನೆ ಕೆಡವಿದ್ದರಿಂದ ಆಚೆಯ ಸಾಲು ಉಳಿಯಿತು. ‘ಉರಿಯೋ ಮನೆಯಲ್ಲಿ ಗಳ ಹಿರಿದ ಹಾಗೆ’ ಅಂತ ನಾವು ಬೈಗುಳವಾಗಿ ಹೇಳುತ್ತೇವೆ, ಅಲ್ವಾ? ಕಷ್ಟದಲ್ಲಿ ಲಾಭ ಮಾಡಿಕೊಳ್ಳುವವನಿಗೆ ಆ ಮಾತು. ಅವತ್ತು ಮಾತ್ರ ಗಳ ಹಿರಿದವರೇ ಊರು ಉಳಿಸಿದರು. ಪಕ್ಕದ ಮನೆಯ ಗಳ ಅನ್ನಿ, ಉರಿಯುತ್ತಿದ್ದದ್ದಲ್ಲ.

ಇನ್ನು ಫೈರ್ ಇಂಜಿನ್ ಕತೆ. ಒಬ್ಬ ಹುಡುಗ ಸೈಕಲ್ ತುಳಿದುಕೊಂಡು ಹೋಗಿ, ಫೋನ್ ಇದ್ದ ಅಕ್ಕಿ ಗಿರಣಿಯಿಂದ ಫೋನ್ ಮಾಡಿಸಿದ. ಗಾಡಿ ಬಂದಾಗ ಒಂದೂವರೆ ತಾಸಾಗಿತ್ತು. ಗಂಟೆ ಹೊಡೆದುಕೊಂಡು, ಕೆಂಪಗೆ, ಕೆರೆ ಏರಿಯ ಮೇಲೆ ಬಂದದ್ದು ನನ್ನ ಕಣ್ಣಿಗೆ ಥೇಟ್ ತೇರಿನ ಹಾಗೆ ಕಂಡಿತು. ಆರಿದ ಬೂದಿಯ ಮೇಲೆ ನೀರು ಬಿಟ್ಟರು. ಅಜ್ಜಿ ಅವರಿಗೆಲ್ಲ ಮಜ್ಜಿಗೆ ಕೊಟ್ಟರು. ಅವರ ತಪ್ಪೇನಿತ್ತು? ಸಿಟಿಯಿಂದ ಇಲ್ಲಿಗೆ ದಾರಿ ಅಷ್ಟಿತ್ತು.

(ಇಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ‘ಮೇಷ್ಟ್ರೇ, ಆ ಗಾಡಿ ವಾಪಸ್ ಹೋಗುವಾಗ ಕೆರೆಯಲ್ಲಿ ನೀರು ತುಂಬಿಸ್ಕೊಂಡು ಹೋಯ್ತು. ಅದನ್ನೂ ಹೇಳಿ’ ಅಂದರು. ನಿಜ, ನಾನು ಮರೆತೇಬಿಟ್ಟಿದ್ದೆ.)

ಅವರು ಹೇಳಿದ್ದೇ ಇವತ್ತಿನ ಮಾತಿನ ತಿರುಳು. ಗಾಡಿ ಕೆರೆಯಲ್ಲಿ ನೀರು ತುಂಬಿಸಿಕೊಂಡಿತು. ಬೆಂಕಿ ಆರಿಸುವ ಚರಿತ್ರೆ ನಿಜವಾಗಿ ನೀರಿನ ಚರಿತ್ರೆ. ಕಟ್ಟಡ, ಗಾಡಿ, ಗಂಟೆ ಎಲ್ಲ ಆಮೇಲೆ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ದೊಡ್ಡ ವಾಟರ್ ಟೆಂಡರ್‌ನಲ್ಲಿ, ಅಂದರೆ ನೀರು ಹೊತ್ತು ಬರುವ ಫೈರ್ ಇಂಜಿನ್ನಿನಲ್ಲಿ, ಸುಮಾರು 4,500 ಲೀಟರ್ ನೀರು ಹಿಡಿಯುತ್ತದೆ. ಅದರ ಪಂಪು ಪೂರ್ತಿ ಜೋರಿನಲ್ಲಿ ನಡೆದರೆ ನಿಮಿಷಕ್ಕೆ 2,000 ಲೀಟರಿನ ಸುಮಾರು ಹೊರಗೆ ಹಾಕುತ್ತದೆ. ಅಂದರೆ? ಎರಡು ನಿಮಿಷ ಚಿಲ್ಲರೆ. ಅಷ್ಟೇ ನೀರು. ಸಿನಿಮಾದಲ್ಲಿ ತೋರಿಸುವ ಹಾಗೆ ಗಂಟೆಗಟ್ಟಲೆ ಚಿಮ್ಮಿಸಲು ಆಗುವುದಿಲ್ಲ. ಅದಕ್ಕೇ ಸಿಬ್ಬಂದಿ ನಳಿಕೆಯನ್ನು ಸಣ್ಣ ಮಾಡಿ ಲೆಕ್ಕ ಹಾಕಿ ಬಿಡುತ್ತಾರೆ, ಅಷ್ಟರಲ್ಲಿ ಒಬ್ಬರು ‘ಹತ್ತಿರ ನೀರು ಎಲ್ಲಿದೆ?’ ಅಂತ ಕೇಳುತ್ತಾ ಓಡುತ್ತಾರೆ.

ಆ ಪ್ರಶ್ನೆಗೆ ಆಗ ಉತ್ತರ ಸುಲಭವಿತ್ತು. ಇಗೋ ಕೆರೆ, ಇಗೋ ಕಲ್ಯಾಣಿ. ಇಂಜಿನ್ನಿನ ಪಂಪು ನೀರನ್ನು ಹೀರಿ ಮೇಲೆತ್ತುವುದು ಗಾಳಿಯ ಒತ್ತಡದ ಬಲದಿಂದ. ಪುಸ್ತಕದ ಲೆಕ್ಕದಲ್ಲಿ ಹತ್ತು ಮೀಟರ್ ಅನ್ನುತ್ತಾರೆ. ನಡೆಯುವುದು ಏಳು ಮೀಟರಿನ ಆಸುಪಾಸು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ಇಲ್ಲಿ ನೀರು ಏರುವುದು ಇನ್ನೂ ಕೊಂಚ ಕಮ್ಮಿ. ಕೆರೆ ಏರಿಯ ಮೇಲೆ ಗಾಡಿ ನಿಲ್ಲಿಸಿ ಹೋಸ್ ಇಳಿಬಿಟ್ಟರೆ ಆ ಏಳು ಮೀಟರಿನೊಳಗೆ ನೀರು ಸಿಗುತ್ತಿತ್ತು. ಐವತ್ತು ಅಡಿ ಆಳದ ತೋಟದ ಬಾವಿಯಿಂದ ಸಿಗುವುದಿಲ್ಲ. ಸಾವಿರ ಅಡಿ ಬೋರ್‌ವೆಲ್ ಅಂತೂ ಕೇಳಲೇಬೇಡಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅಂತ ಗಾದೆ ಇದೆ. ತೋಡಿದ ಬಾವಿ ಇದ್ದರೂ ಆಳ ಜಾಸ್ತಿ ಆದರೆ ಪ್ರಯೋಜನವಿಲ್ಲ ಅಂತ ಗಾದೆ ಕಟ್ಟಿದವರಿಗೆ ಗೊತ್ತಿರಲಿಕ್ಕಿಲ್ಲ, ಅವರ ಹತ್ತಿರ ಇಂಜಿನ್ ಇರಲಿಲ್ಲವಲ್ಲ.

ಇನ್ನು ಸರ್ಕಾರದ ಕಡೆ ಬರೋಣ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ರಾಜ್ಯದ ಅಗ್ನಿಶಾಮಕ ದಳಕ್ಕೆ ಕಾನೂನು ಬಂದದ್ದು 1964ರಲ್ಲಿ. ಆಗಿನ್ನೂ ಮೈಸೂರು ರಾಜ್ಯ. ಈಗ ಇಲಾಖೆಯ ಹೆಸರು ಅಗ್ನಿಶಾಮಕ ಮತ್ತು ತುರ್ತು ಸೇವೆಗಳು. ತರಬೇತಿ ಅಕಾಡೆಮಿಗೆ ಆರ್. ಎ. ಮುಂಡ್ಕೂರ್ ಅವರ ಹೆಸರಿಟ್ಟಿದ್ದಾರೆ. ಕೇಂದ್ರ ಕಚೇರಿ ಎಲ್ಲಿದೆ ಗೊತ್ತಾ? ಅಣ್ಣಸ್ವಾಮಿ ಮೊದಲಿಯಾರ್ ರಸ್ತೆಯಲ್ಲಿ, ಹಲಸೂರು ಕೆರೆ ಪಕ್ಕದಲ್ಲಿ. ಬೇಕಂತಲೇ ಹಾಗೆ ಮಾಡಿದರೋ, ಜಾಗ ಸಿಕ್ಕಿತು ಅಂತ ಮಾಡಿದರೋ. ನನಗಂತೂ ಖುಷಿಯಾಗುತ್ತದೆ.

ಕಾನೂನಿನ ಇನ್ನೊಂದು ಮಾತಿದೆ, ಇದು ನನಗೆ ಬಹಳ ದಿನದಿಂದ ಚುಚ್ಚುತ್ತಿದೆ. 1992ರಲ್ಲಿ ಸಂವಿಧಾನಕ್ಕೆ ಎರಡು ತಿದ್ದುಪಡಿ ಬಂದವು. ಒಂದು ಪಂಚಾಯಿತಿಗಳಿಗೆ, ಇನ್ನೊಂದು ನಗರಸಭೆಗಳಿಗೆ. ಯಾರು ಯಾವ ಕೆಲಸ ಮಾಡಬಹುದು ಅಂತ ಎರಡು ಪಟ್ಟಿ. ನಗರಗಳ ಪಟ್ಟಿಯಲ್ಲಿ 18 ವಿಷಯ ಇವೆ, ಏಳನೆಯದು ಅಗ್ನಿಶಾಮಕ ಸೇವೆ. ಹಳ್ಳಿಗಳ ಪಟ್ಟಿಯಲ್ಲಿ 29 ವಿಷಯ ಇವೆ. ಕೃಷಿ, ಮೀನು, ಗ್ರಂಥಾಲಯ, ಸಂತೆ, ಜಾತ್ರೆ ಎಲ್ಲ ಇದೆ. ‘ಉರುವಲು ಮತ್ತು ಮೇವು’ ಕೂಡ ಇದೆ. ಬೆಂಕಿ ಆರಿಸುವುದು ಮಾತ್ರ ಇಲ್ಲ! ಉರಿಯುವ ಸಾಮಾನನ್ನು ಹಳ್ಳಿಗೆ ಕೊಟ್ಟು, ಆರಿಸುವ ಕೆಲಸವನ್ನು ಪಟ್ಟಣಕ್ಕೆ ಕೊಟ್ಟಂತಾಯಿತು. ಕರ್ನಾಟಕದಲ್ಲಿ ಹೇಗೂ ಎರಡೂ ಕಡೆ ರಾಜ್ಯ ಸರ್ಕಾರದ ಇಲಾಖೆಯೇ ನೋಡಿಕೊಳ್ಳುತ್ತದೆ, ನಿಜ. ಆದರೂ ಪಟ್ಟಿ ಬರೆದವರ ತಲೆಯಲ್ಲಿ ಹಳ್ಳಿಗೆ ಬೆಂಕಿ ಬೀಳುವುದಿಲ್ಲ ಅಂತ ಇತ್ತೇನೋ. ಜರ್ಮನಿಯಲ್ಲಿ, ಅಮೆರಿಕದಲ್ಲಿ ಸಣ್ಣ ಹಳ್ಳಿಯಲ್ಲೂ ಊರಿನವರೇ ಸೇರಿ ಠಾಣೆ ನಡೆಸುತ್ತಾರೆ. ರೈತ, ಬಡಗಿ, ಅಂಗಡಿಯವನು ಎಲ್ಲರೂ ತರಬೇತಿ ಪಡೆದಿರುತ್ತಾರೆ, ಸೈರನ್ ಕೂಗಿದರೆ ಕೆಲಸ ಬಿಟ್ಟು ಓಡುತ್ತಾರೆ. ನಮ್ಮ ತಮಟೆಯೂ ಬಿಂದಿಗೆ ಸಾಲೂ ಅದೇ ಅಲ್ಲವಾ? ನಾವು ಅದಕ್ಕೆ ಒಂದು ಗಾಡಿ ಕೊಟ್ಟು ಮುಂದುವರಿಸಬಹುದಿತ್ತು. ಬಿಟ್ಟುಬಿಟ್ಟೆವು.

ಒಂದು ವಿಷಯ ಮರೆಯಬಾರದು. ಹಳ್ಳಿಯ ಬೆಂಕಿಯನ್ನು ಕಮ್ಮಿ ಮಾಡಿದ್ದರಲ್ಲಿ ಹೆಂಚಿನ ಪಾಲು ದೊಡ್ಡದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಆ ಹೆಂಚು ನಿಧಾನವಾಗಿ ಘಟ್ಟ ಹತ್ತಿ ಈ ಕಡೆಗೂ ಬಂತು. ಹುಲ್ಲಿನ ಸೂರು ಹೋಗಿ ಹೆಂಚು ಬಂದ ಬೀದಿಯಲ್ಲಿ ಕಿಡಿ ಹಾರಿದರೂ ಮನೆಯಿಂದ ಮನೆಗೆ ಹತ್ತುವುದಿಲ್ಲ. ನಮ್ಮೂರಲ್ಲಿ 74ರ ನಂತರ ಎರಡೇ ವರ್ಷದಲ್ಲಿ ಆ ಸಾಲಿನ ಗುಡಿಸಲುಗಳೆಲ್ಲ ಹೆಂಚಿನ ಮನೆಗಳಾದವು. ಸಾಲ ಮಾಡಿ ಹೊದಿಸಿದರು. ಆ ಸಾಲದ ಕತೆ ಇನ್ನೊಂದು ದಿನ.

ಈಗ ಸಿಟಿಗೆ ಬರೋಣ. ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ಕೆರೆ, ಕೆರೆಯಿಂದ ಕೆರೆಗೆ ರಾಜಕಾಲುವೆ, ಇಷ್ಟೇ ಆಸ್ತಿ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಇದನ್ನು ಎಲ್ಲರೂ ಪರಿಸರದ ಮಾತಾಗಿ ಹೇಳುತ್ತಾರೆ, ಬೇಸರದಿಂದ ತಲೆಯಾಡಿಸುತ್ತಾರೆ. ನಾನು ಬೆಂಕಿಯ ಮಾತಾಗಿ ಹೇಳುತ್ತಿದ್ದೇನೆ. ಇಂಜಿನ್ ಬಂದು ಹೋಸ್ ಇಳಿಬಿಡುವ ಜಾಗಗಳು ಒಂದೊಂದೇ ಹೋದವು. ಅವುಗಳ ಬದಲಿಗೆ ಠಾಣೆಗಳಲ್ಲಿ ಸಂಪು, ವಾಟರ್ ಬೌಸರ್ ಅನ್ನುವ ದೊಡ್ಡ ನೀರಿನ ಗಾಡಿ, ಟ್ಯಾಂಕರ್ ಬಂದವು. ಅಂದರೆ ಕೆರೆಯನ್ನು ಗಾಲಿಯ ಮೇಲೆ ಇಟ್ಟುಕೊಂಡು ಟ್ರಾಫಿಕ್‌ನಲ್ಲಿ ಓಡಾಡಿಸಬೇಕಾಯಿತು.

1981ರ ಫೆಬ್ರವರಿ 7. ನಾನು ಹೈಸ್ಕೂಲಿನಲ್ಲಿದ್ದೆ. ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 92 ಜನ ಸತ್ತರು. ಹೆಚ್ಚಿನವರು ಮಕ್ಕಳು. ನಮ್ಮ ಶಾಲೆಯಿಂದಲೂ ಸರ್ಕಸ್ಸಿಗೆ ಕರೆದುಕೊಂಡು ಹೋಗುವ ಮಾತಿತ್ತು, ದುಡ್ಡು ಕೂಡಲಿಲ್ಲ ಅಂತ ನಿಂತಿತ್ತು. ನಮ್ಮಮ್ಮ ಆ ಎರಡು ರೂಪಾಯಿ ಇಲ್ಲದ್ದಕ್ಕೆ ದೇವರಿಗೆ ಕೈ ಮುಗಿದರು. ಬಟ್ಟೆಯ ಡೇರೆ ಹತ್ತಿಕೊಂಡರೆ ಯಾವ ಠಾಣೆ ಎಷ್ಟು ಹತ್ತಿರ ಇದ್ದರೂ ಸಾಲದು. ಅಲ್ಲಿ ಬೇಕಿದ್ದದ್ದು ಹೊರಗೆ ಓಡುವ ದಾರಿ. 2010ರ ಫೆಬ್ರವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲೂ ಅದೇ. ಒಂಬತ್ತು ಜನ ಹೋದರು. ಸುಟ್ಟುಕೊಂಡಿದ್ದಕ್ಕಿಂತ ಜಾಸ್ತಿ ಹೊಗೆ ಕೊಂದಿತು, ಹೊಗೆ ತಡೆಯಲಾರದೆ ಕೆಲವರು ಕಿಟಕಿಯಿಂದ ಹಾರಿದರು.

ಏಪ್ರಿಲ್ 14ಕ್ಕೆ ದೇಶದ ಎಲ್ಲ ಠಾಣೆಗಳಲ್ಲೂ ಅಗ್ನಿಶಾಮಕ ದಿನ ಮಾಡುತ್ತಾರೆ. ನೀವು ಯಾವತ್ತಾದರೂ ಹೋಗಿ ನೋಡಿ. 1944ರಲ್ಲಿ ಅದೇ ದಿನ ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಅನ್ನುವ ಹಡಗು ಸಿಡಿಯಿತು. ಬೆಂಕಿ ಆರಿಸಲು ಹೋಗಿದ್ದ 66 ಸಿಬ್ಬಂದಿ ಪ್ರಾಣ ಬಿಟ್ಟರು. ಆ ಹಡಗಿನಲ್ಲಿ ಸಿಡಿಮದ್ದಿನ ಜೊತೆ ಹತ್ತಿ ಮೂಟೆ ತುಂಬಿದ್ದರು. ಬೆಂಕಿ ಹತ್ತಿದ್ದು ಹತ್ತಿಗೆ. ಮೂಟೆಯ ಒಳಗೆ ಕುಳಿತ ಕೆಂಡಕ್ಕೆ ಮೇಲಿನಿಂದ ಸುರಿದ ನೀರು ಮುಟ್ಟಲಿಲ್ಲ. ಇದನ್ನು ಓದಿದಾಗ ನನಗೆ ತಾತನ ಕೂಗು ನೆನಪಾಯಿತು. ಬಣವೆಯಾದರೆ ಎಳೆಯಬಹುದು, ಹಡಗಿನ ಹೊಟ್ಟೆಯೊಳಗೆ ಸಿಡಿಮದ್ದಿನ ಪಕ್ಕ ಇರುವುದನ್ನು ಎಳೆಯುವುದು ಹೇಗೆ?

ಈಗ ನಮ್ಮ ‘110 ಹಳ್ಳಿ’ಯ ವಿಷಯ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆದಾಗ ಸುತ್ತಲ ಪಟ್ಟಣಗಳ ಜೊತೆ 110 ಹಳ್ಳಿಗಳನ್ನು ಸೇರಿಸಿಕೊಂಡರು. ಆಮೇಲೆ ಊರಿನ ಸ್ವಂತ ಹೆಸರು ಹೋಗಿ ‘110 ಹಳ್ಳಿ’ ಅನ್ನುವುದೇ ಒಂದು ಹೆಸರಾಯಿತು. ನಗರದ ವಿಸ್ತೀರ್ಣ 700 ಚದರ ಕಿಲೋಮೀಟರ್ ದಾಟಿತು. ಕೇಂದ್ರ ಸರ್ಕಾರದ ಅಗ್ನಿಶಾಮಕ ಸಲಹಾ ಸಮಿತಿಯ ಹಳೆಯ ಶಿಫಾರಸಿನ ಪ್ರಕಾರ ನಗರದಲ್ಲಿ 10 ಚದರ ಕಿಲೋಮೀಟರಿಗೆ ಒಂದು ಠಾಣೆ ಬೇಕು, ಹಳ್ಳಿಗಾಡಿನಲ್ಲಿ 50ಕ್ಕೆ ಒಂದು. ಗುಣಾಕಾರ ನೀವೇ ಮಾಡಿ. 70 ಠಾಣೆ ಆಗಬೇಕು. ಇರುವುದು ಅದರ ಅರ್ಧಕ್ಕಿಂತ ಕಡಿಮೆ. ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ನಾವು 50ರ ಲೆಕ್ಕದಿಂದ 10ರ ಲೆಕ್ಕಕ್ಕೆ ಬಂದೆವು, ತೆರಿಗೆ ಕೂಡ ಆ ಲೆಕ್ಕಕ್ಕೆ ಬಂತು. ನೀರು ಮಾತ್ರ ನಿಧಾನ. ಈ ಹಳ್ಳಿಗಳಿಗೆ ಅಂತಲೇ ಮಾಡಿದ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. 17 ವರ್ಷ! ಅಲ್ಲಿಯವರೆಗೆ ಕುಡಿಯುವುದಕ್ಕೇ ಟ್ಯಾಂಕರ್. ಟ್ಯಾಂಕರ್ ನೀರು ಕುಡಿಯುವ ಊರಿಗೆ ಟೆಂಡರ್ ಬಂದು ‘ನೀರು ಎಲ್ಲಿದೆ?’ ಅಂತ ಕೇಳಿದರೆ ಏನು ತೋರಿಸುವುದು?

ಕೆರೆ ತೋರಿಸೋಣ ಅಂದರೆ ಕೆರೆಗೇ ಬೆಂಕಿ ಬಿತ್ತು. ಬೆಳ್ಳಂದೂರು ಕೆರೆ ನಮ್ಮ ನೆರೆ. ಅದರ ಕೋಡಿ ನೀರು ಬರುವುದು ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿ ನದಿಗೆ. 2015ರ ಮೇ ತಿಂಗಳಲ್ಲಿ ಅದರ ನೊರೆಗೆ ಬೆಂಕಿ ಹತ್ತಿತು. ಸಂಸ್ಕರಿಸದ ಕೊಳಚೆ, ಸೋಪಿನ ನೊರೆ, ಕೊಳೆತು ಏಳುವ ಗ್ಯಾಸು. 2017ರ ಫೆಬ್ರವರಿಯಲ್ಲಿ ಮತ್ತೆ. 2018ರ ಜನವರಿಯಲ್ಲಿ ಒಣಹುಲ್ಲು ಹತ್ತಿಕೊಂಡಾಗ ಅಗ್ನಿಶಾಮಕ ದಳದ ಜೊತೆ ಸೈನಿಕರೂ ಇಳಿದರು, ಸುಮಾರು 5,000 ಜನ ಅಂತ ಪತ್ರಿಕೆಗಳು ಬರೆದವು. ನಮ್ಮ ಅಜ್ಜಿ ಆಗ ಇದ್ದಿದ್ದರೆ ನಂಬುತ್ತಿರಲಿಲ್ಲ. ‘ಕೆರೆಗೆ ಬೆಂಕಿ ಬಿತ್ತಂತೆ’ ಅಂದರೆ ಹುಚ್ಚರ ಮಾತು ಅನ್ನುತ್ತಿದ್ದರು. ಬೆಂಕಿ ಬಿದ್ದರೆ ಓಡಬೇಕಾದ ಜಾಗವೇ ಹೊತ್ತಿ ಉರಿದರೆ ಬಿಂದಿಗೆ ಹಿಡಿದು ಯಾವ ಕಡೆ ಓಡುವುದು?

(ಸಭೆಯಲ್ಲಿ ಒಬ್ಬ ಹುಡುಗ ಕೇಳಿದ: ‘ಸಾರ್, ಈಗ ದೊಡ್ಡ ಏಣಿ ಬಂದಿದೆಯಲ್ವಾ?’)

ಬಂದಿದೆಯಪ್ಪ. 2022ರಲ್ಲಿ 90 ಮೀಟರ್ ಎತ್ತರಕ್ಕೆ ಏರುವ ಏಣಿ ಗಾಡಿ ಬಂತು. ಹತ್ತಿರ ಹತ್ತಿರ 30 ಅಂತಸ್ತು. ಒಳ್ಳೆಯದೇ. ಆದರೆ ಅದು ನಿಲ್ಲುವುದಕ್ಕೆ ಗಟ್ಟಿ ನೆಲ ಬೇಕು, ಕಾಲು ಚಾಚುವಷ್ಟು ಅಗಲ ಬೇಕು, ಬರುವುದಕ್ಕೆ ದಾರಿ ಬೇಕು. ನಮ್ಮ ಹಳೇ ಊರ ಬೀದಿಗಳು ಎತ್ತಿನ ಗಾಡಿಯ ಅಳತೆಯವು. ಅದೇ ಬೀದಿಯ ಮೇಲೆ ಈಗ ಐದು ಅಂತಸ್ತಿನ ಪಿಜಿಗಳು. ಅದೇ 2022ರ ಸೆಪ್ಟೆಂಬರಿನಲ್ಲಿ ಮಳೆ ನೀರು ನುಗ್ಗಿ ಬೆಳ್ಳಂದೂರು, ಯಮಲೂರು ಮುಳುಗಿದಾಗ ಬೋಟು ಇಳಿಸಬೇಕಾಯಿತು. ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಟ್ರ್ಯಾಕ್ಟರ್ ಯಾರದ್ದು? ಇನ್ನೂ ಮಾರದೆ ಉಳಿಸಿಕೊಂಡಿದ್ದ ನಮ್ಮವರದ್ದು. ಅವತ್ತು ನೋಡಿ, ಊರಿನವರೇ ತುರ್ತು ಸೇವೆ ಆಗಿಬಿಟ್ಟಿದ್ದರು.

ಠಾಣೆಯ ಒಳಗಿನದ್ದೂ ಸ್ವಲ್ಪ ಹೇಳಬೇಕು. ನನ್ನ ಒಬ್ಬ ಹಳೇ ವಿದ್ಯಾರ್ಥಿ ಈ ಕೆಲಸದಲ್ಲಿದ್ದಾನೆ. ಒಂದು ಆಯುಧಪೂಜೆಗೆ ಕರೆದಿದ್ದ. ಗಾಡಿಗಳಿಗೆಲ್ಲ ಬಾಳೆಕಂದು, ಚೆಂಡು ಹೂವು, ಬೂದುಗುಂಬಳಕಾಯಿ. ಗೋಪುರದಂಥ ಒಂದು ಕಟ್ಟಡ ಇತ್ತು, ಡ್ರಿಲ್ ಮಾಡುವುದಕ್ಕೆ, ಒದ್ದೆ ಹೋಸ್‌ಗಳನ್ನು ಉದ್ದಕ್ಕೆ ನೇತು ಹಾಕುವುದಕ್ಕೆ. ಒಣಗಿಸದೆ ಸುತ್ತಿಟ್ಟರೆ ಹೋಸ್ ಕೊಳೆಯುತ್ತದಂತೆ. ಪೂಜೆ ಮುಗಿದು ಕಡಲೆಪುರಿ ಕೈಗೆ ಬಂದಿತ್ತು ಅಷ್ಟೇ, ಗಂಟೆ ಹೊಡೆಯಿತು. ಪುರಿ ಅಲ್ಲೇ ಚೆಲ್ಲಿ ಓಡಿದರು. ಒಂದು ನಿಮಿಷದೊಳಗೆ ಗಾಡಿ ಗೇಟಿನ ಆಚೆ. ಬಾಳೆಕಂದು ಕಟ್ಟಿಕೊಂಡೇ ಹೋಯಿತು. ವಾಪಸ್ ಬಂದ ಮೇಲೆ ಕೇಳಿದೆ, ಏನಪ್ಪಾ ಕಷ್ಟ, ಬೆಂಕಿಯಾ? ‘ಇಲ್ಲ ಸಾರ್, ಅಡ್ರೆಸ್. 101ಕ್ಕೆ ಫೋನ್ ಮಾಡ್ತಾರೆ, ಬೆಂಕಿ ಬೆಂಕಿ ಅಂತ ಕಿರುಚಿ ಇಟ್ಟುಬಿಡ್ತಾರೆ. ಯಾವ ಕ್ರಾಸು, ಯಾವ ದೇವಸ್ಥಾನದ ಎದುರು ಅಂತ ಹೇಳಲ್ಲ. ಅಲ್ಲಿಗೆ ಹೋದ್ರೆ ಮೂಲೆಯಲ್ಲಿ ಒಬ್ಬರೂ ನಿಂತಿರಲ್ಲ’ ಅಂದ. ಈಗ 112ಕ್ಕೂ ಮಾಡಬಹುದು. ಯಾವುದಕ್ಕೆ ಮಾಡಿದರೂ ಒಬ್ಬರನ್ನು ಮುಖ್ಯರಸ್ತೆಗೆ ಓಡಿಸಿ, ಕೈ ಬೀಸುವುದಕ್ಕೆ.

ಇಷ್ಟು ಹೇಳಿ ನಾನು ಕುಳಿತೆ. ಆಮೇಲೆ ನಡೆದದ್ದನ್ನೂ ಬರೆಯಬೇಕು.

ಪಕ್ಕದ ಅಪಾರ್ಟ್‌ಮೆಂಟಿನ ಹದಿನಾಲ್ಕನೇ ಮಹಡಿಯ ಹೆಣ್ಣುಮಗಳೊಬ್ಬರು, ‘ನಮ್ಮ ರೋಡಿಗೆ ಬರೋ ಮುಂಚೆ ಬಡಾವಣೆಯ ಕಮಾನು ಇದೆಯಲ್ಲ ಅಂಕಲ್, ಅದರೊಳಗೆ ಗಾಡಿ ಹಿಡಿಯುತ್ತಾ?’ ಅಂದರು. ಯಾರಿಗೂ ಗೊತ್ತಿರಲಿಲ್ಲ. ಎತ್ತರದ ಕಟ್ಟಡಗಳ ಪ್ರವೇಶಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆ ಆರು ಮೀಟರ್ ಅಗಲ ಹೇಳುತ್ತದೆ, ಮೇಲೆ ಕಮಾನು ಇದ್ದರೆ ನಾಲ್ಕೂವರೆ ಮೀಟರ್ ಎತ್ತರ. ಗಾರೆ ಕೆಲಸದವರೊಬ್ಬರ ಹತ್ತಿರ ಟೇಪು ಇತ್ತು. ಏಳೆಂಟು ಜನ ಹೊರಗೆ ಹೋದೆವು. ಸ್ಕೂಟರಿನ ಮೇಲೆ ನಿಂತು ಒಬ್ಬ ಟೇಪು ಎತ್ತಿ ಹಿಡಿದ. ಕಮಾನಿನ ನಡುವೆ ಸಿಮೆಂಟಿನ ನವಿಲು ಎರಡು ಇವೆ, ಅವುಗಳ ಹೊಟ್ಟೆ ಕೆಳಗೆ ಇಳಿದಿದೆ. ಅಲ್ಲಿಗೆ ಮೂರು ಮೀಟರ್ ಹತ್ತು ಸೆಂಟಿಮೀಟರ್ ಬಂತು.

ಮತ್ತೊಂದು ಸಲ ಅಳೆದೆವು. ಅಷ್ಟೇ ಬಂತು. ನವಿಲು ಮಾಡಿಸಿಕೊಟ್ಟವರು ಅಲ್ಲೇ ನಿಂತಿದ್ದರು. ಮುಂದಿನ ಭಾನುವಾರದ ಸಭೆಗೆ ಅದೇ ವಿಷಯ.